ಕಣದ ಪಾಚಿ, ಗೋಡೆಯಾಚೆಯ ಒಲೆ

ಕುಪ್ಪೇಲೂರು
14 ಜೂನ್ 2024

ಮಾಸುಮಬಿಗೆ,

ನಾವಿಬ್ಬರೂ ಮಾತು ಬಿಟ್ಟು ಇದು ಎರಡನೆಯ ಮಳೆಗಾಲ. ಮಾತು ಬಿಟ್ಟದ್ದು ಖರೆ. ಬರೆಯುವುದನ್ನೂ ಬಿಡುತ್ತೇನೆಂದು ನಾನಂತೂ ಯಾವ ದೇವರ ಮುಂದೆಯೂ ಹೇಳಿಲ್ಲ. ನೀನು ಹೇಳಿದ್ದರೆ ಈ ಹಾಳೆಯನ್ನು ಇಲ್ಲಿಗೇ ಮಡಚಿ ಒಲೆಗೆ ಹಾಕು. ಹೇಳಿಲ್ಲವಾದರೆ ಮುಂದೆ ಓದು.

ಕ್ಷೇಮ ಕೇಳುವುದಿಲ್ಲ. ನಿನ್ನ ಕ್ಷೇಮ ನನಗೆ ಗೋಡೆಯ ಮೇಲಿಂದ ದಿನವೂ ಕಾಣುತ್ತದೆ. ನಿನ್ನೆ ಮೊಣಕಾಲು ಹಿಡಿದುಕೊಂಡು ಬಾವಿಯ ಕಟ್ಟೆ ಹತ್ತಿದೆ. ಎಣ್ಣೆ ಹಚ್ಚಿಕೋ.

ಪತ್ರವನ್ನು ಹಾಲಿನ ಕ್ಯಾನಿನ ಮುಚ್ಚಳಕ್ಕೆ ಸಿಕ್ಕಿಸಿದ್ದೇನೆ. ನಮ್ಮ ಮನೆಯವರು ರುದ್ರಮುನಿ ತಂದುಕೊಡುತ್ತಾರೆ. ಅವರು ಯಾರಿಗೂ ಏನೂ ಹೇಳುವವರಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುವೆಯಾದಾಗಿನಿಂದ ನನಗೇ ಹೇಳಿಲ್ಲ. ನಾವು ಜಗಳಾಡಿದ ಮರುದಿನ ಬೆಳಿಗ್ಗೆಯೂ ನಿನ್ನ ಮನೆಗೆ ಹಾಲು ಬಂತು, ನೀನು ಇಸಿದುಕೊಂಡೆ. ಸಿಟ್ಟು ಬೇರೆ, ವ್ಯವಹಾರ ಬೇರೆ ಎಂಬುದನ್ನು ಕದರಮಂಡಲಗಿಯ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಕಲಿತವರು ನಾವಿಬ್ಬರು.

ಈಗ ವಿಷಯ. ನನ್ನ ಕೊಟ್ಟಿಗೆ ತೊಳೆದ ನೀರು ಹರಿದು ನಿನ್ನ ಬಾವಿಗೆ ಇಳಿಯುತ್ತಿದೆ ಎಂದು ನೀನು ಡೇರಿಯ ಮುಂದೆ ನಾಲ್ಕು ಜನರೆದುರು ಹೇಳಿದೆ. ನಾನು ಇಲ್ಲವೆಂದೆ. ಇಲ್ಲವೆಂದವಳು ಆಮೇಲೆ ಬಗ್ಗಿ ನೋಡಿದೆ. ಇಳಿಯುತ್ತದೆ. ನಮ್ಮದು ಮೇಲಿನ ಮಗ್ಗುಲು, ನಿನ್ನದು ಕೆಳಗಿನ ಮಗ್ಗುಲು. ನೀರಿಗೆ ನಮ್ಮ ಜಗಳ ಗೊತ್ತಿಲ್ಲ. ನೀನು ಪಂಚಾಯಿತಿಗೆ ಅರ್ಜಿ ಬರೆದು ಇಟ್ಟಿದ್ದೀಯ ಎಂದೂ ಕೇಳಿದೆ. ಅದು ಅಲ್ಲಿಗೆ ಹೋದರೆ ಕೊಟ್ಟಿಗೆಯನ್ನು ಊರ ಹೊರಗೆ ಒಯ್ಯಿ ಎನ್ನುತ್ತಾರೆ. ಊರ ಹೊರಗೆ ನನಗೆ ನಿಲ್ಲಲು ಜಾಗವಿಲ್ಲ. ಅಂದರೆ ಎಮ್ಮೆಗಳನ್ನು ಕೊಟ್ಟುಬಿಡಬೇಕು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವನ ಮಗಳು ನಾನು. ಒಂದು ಎಮ್ಮೆಯ ಮೊಸರನ್ನು ರಾಣೆಬೆನ್ನೂರಿನ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಯ್ದು ಮಾರಿ ಈ ಕೊಟ್ಟಿಗೆ ಕಟ್ಟಿದ್ದು ನೀನು ನೋಡಿದ್ದೀಯ. ಅದನ್ನು ಹೇಳಿ ಕರುಣೆ ಕೇಳುತ್ತಿಲ್ಲ. ಲೆಕ್ಕಕ್ಕೆ ಇರಲಿ ಎಂದು ಬರೆದೆ.

ಹಾವೇರಿಯಿಂದ ರೋಹಿಣಿ ಎಂಬ ಹೆಣ್ಣುಮಗಳು ಬಂದಿದ್ದಳು. ಹೊಲಸು ನೀರಿನ ಮೇಲೆಯೇ ಓದಿದವಳು. ನಮ್ಮ ಚರಂಡಿಯ ಮುಂದೆ ಕುಳಿತು, ದೇವರಗುಡ್ಡಕ್ಕೆ ಬಂದವರು ದೇವರನ್ನು ನೋಡುವಂತೆ ನೋಡಿದಳು. ಅವಳು ಹೇಳುವುದಿಷ್ಟು: ಈ ನೀರನ್ನು ಮೊಣಕಾಲಿಗಿಂತ ಕಡಿಮೆ ಆಳದ ಹೊಂಡದಲ್ಲಿ ಬಿಸಿಲಿಗೆ ನಿಲ್ಲಿಸಿ ತಿರುವುತ್ತಿದ್ದರೆ ಪಾಚಿ ಬೆಳೆಯುತ್ತದೆ. ನಿನ್ನ ಬಾವಿಗೆ ಇಳಿದರೆ ಹೊಲಸು ಯಾವುದೋ, ಅದೇ ಪಾಚಿಗೆ ಊಟ. ಅದು ತಿಂದು ಬೆಳೆದರೆ ನೀರು ತಿಳಿಯಾಗುತ್ತದೆ. ಬೆಳೆದ ಪಾಚಿಯನ್ನು ಸೋಸಿ ಸಗಣಿಯ ಜೊತೆ ನಮ್ಮ ಗೋಬರ್ ಗ್ಯಾಸಿನ ಟಾಕಿಗೆ ಹಾಕಿದರೆ ಒಲೆಗೆ ಗ್ಯಾಸು.

ಅದಕ್ಕೆ ಕೊಟ್ಟಿಗೆಗಿಂತ ತಗ್ಗಿನಲ್ಲಿ, ಮಟ್ಟಸವಾದ, ನೆರಳಿಲ್ಲದ ಜಾಗ ಬೇಕು. ಅಂಥದ್ದು ಒಂದೇ ಇದೆ. ನಿನ್ನ ಕಣ. ರಾಶಿ ಮಾಡುವ ಮಶೀನು ಬಂದಾಗಿನಿಂದ ಕಣದ ಮೇಲೆ ಕೋಳಿ ಬಿಟ್ಟರೆ ಯಾರೂ ಓಡಾಡುವುದಿಲ್ಲ.

ಕೇಳಿದ್ದೇನೆ. ಉಳಿದದ್ದು ನಿನ್ನ ಕೈಯಲ್ಲಿ.

ಮೇಲಿನ ಮಗ್ಗುಲಿನ
ಪ್ರೇಮವ್ವ

*

ಕುಪ್ಪೇಲೂರು
2 ಜುಲೈ 2024

ಪ್ರೇಮವ್ವನವರಿಗೆ,

ಪತ್ರ ತಲುಪಿತು. ಸೋಮವಾರದ ಹಾಲು ತೆಳ್ಳಗಿತ್ತು. ಅದನ್ನು ಮೊದಲು ಬರೆಯಬೇಕೆನ್ನಿಸಿತು, ಬರೆದಿದ್ದೇನೆ.

ನಿಮ್ಮ ನೀರು ನನ್ನ ಬಾವಿ ಕೆಡಿಸಿತು. ಈಗ ಅದೇ ನೀರನ್ನು ಬಾವಿಗೆ ಇನ್ನಷ್ಟು ಹತ್ತಿರ, ನನ್ನ ಕಣದಲ್ಲಿಯೇ ತಂದು ನಿಲ್ಲಿಸಬೇಕೆನ್ನುತ್ತೀರಿ. ಕಳ್ಳನಿಗೆ ಮನೆಯಲ್ಲಿಯೇ ಹಾಸಿಗೆ ಹಾಸಿಕೊಟ್ಟರೆ ಕಳುವು ನಿಲ್ಲುತ್ತದೆ ಎಂದು ಹೇಳಿದಂತಾಯಿತು.

ನಾನು ಮೆಣಸಿನ ಬೀಜ ಮಾಡುವವಳು. ಹೂವಿಗೆ ಹೂವು ಮುಟ್ಟಿಸಿ ಬೀಜ ಕಟ್ಟಿಸಲು ಹೆಣ್ಣುಮಕ್ಕಳು ಕೂಲಿಗೆ ಬರುತ್ತಾರೆ. ಮೊದಲು ನನ್ನ ಬಾವಿಯ ನೀರು ಕುಡಿದು, ಮನೆಗೂ ಒಂದು ಕೊಡ ಒಯ್ಯುತ್ತಿದ್ದರು. ಈಗ ಮನೆಯಿಂದ ಬಾಟಲಿ ತರುತ್ತಾರೆ. ನನ್ನ ಬಾವಿಯ ಕಟ್ಟೆಯ ಮೇಲೆ ಕುಳಿತು ಊರಿನ ನಳದ ನೀರು ಕುಡಿಯುತ್ತಾರೆ. ಗೋಡೆಯ ಮೇಲಿಂದ ನನ್ನ ಮೊಣಕಾಲು ಕಂಡ ನಿಮಗೆ ಇದು ಕಾಣಲಿಲ್ಲವೆಂದರೆ ನನಗೆ ಆಶ್ಚರ್ಯ.

ಅರ್ಜಿ ಬರೆದದ್ದು ನಿಜ. ಟ್ರಂಕಿನಲ್ಲಿದೆ.

ಹಾಲಿನ ಗಿರಾಕಿ
ಮಾಸುಮಬಿ

*

ಕುಪ್ಪೇಲೂರು
8 ಜುಲೈ 2024

ಮಾಸುಮಬಿಗೆ,

ನನ್ನನ್ನು ಇಲ್ಲಿಯವರೆಗೆ ಯಾರೂ ಇಷ್ಟು ಮರ್ಯಾದೆಯಿಂದ ಬೈದಿಲ್ಲ. ‘ನೀವು’ ಎಂಬುದನ್ನು ಓದಿದಾಗಲೆಲ್ಲ ಹಿಂದೆ ತಿರುಗಿ, ಅತ್ತೆ ಬಂದು ನಿಂತಿದ್ದಾರೋ ಎಂದು ನೋಡಿದೆ.

ಹಾಲು ತೆಳ್ಳಗಾದದ್ದು ಹಸಿ ಹುಲ್ಲಿನಿಂದ. ನೀರು ಬೆರೆಸುವುದಾಗಿದ್ದರೆ ನಿನ್ನ ಬಾವಿಯ ನೀರು ಬೆರೆಸುತ್ತಿದ್ದೆನೇ? ಇದು ತಮಾಷೆಗೆ ಬರೆದದ್ದು. ಬರೆದ ಮೇಲೆ ತಮಾಷೆಯಾಗಿ ಕಾಣುತ್ತಿಲ್ಲ. ಹೊಡೆದು ಹಾಕಿದರೆ ಹಾಳೆ ಹೊಲಸಾಗುತ್ತದೆ, ಹಾಗಾಗಿ ಇರಲಿ.

ಬಾಟಲಿ ನನಗೂ ಕಂಡಿತ್ತು.

ಕಳ್ಳನ ಮಾತಿಗೆ ಉತ್ತರ. ಈಗ ನೀರು ಮಣ್ಣಿನ ಮೇಲೆ ಹರಿದು ಎಲ್ಲಿ ಬೇಕಾದಲ್ಲಿ ಇಂಗುತ್ತಿದೆ. ಅದಕ್ಕೇ ಕಳುವು. ಕಣದಲ್ಲಿ ಅದು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ನಿಲ್ಲುತ್ತದೆ. ಒಂದು ಹನಿಯೂ ಕೆಳಗೆ ಇಳಿಯುವುದಿಲ್ಲ. ಕಳ್ಳನಿಗೆ ಹಾಸಿಗೆ ಹಾಸುತ್ತಿಲ್ಲ. ಮನೆಯವರೆದುರಿಗೆ ಕೂರಿಸಿ ಕೆಲಸ ಮಾಡಿಸುತ್ತಿದ್ದೇವೆ. ತಿಳಿಯಾದ ನೀರು ಬಾವಿಯ ಕಡೆ ಹೋಗುವುದಿಲ್ಲ, ನಮ್ಮ ಮೇವಿನ ಹುಲ್ಲಿಗೆ ಹೋಗುತ್ತದೆ. ಇದಿಷ್ಟನ್ನೂ ರೋಹಿಣಿ ನಿನ್ನ ಮನೆಗೆ ಬಂದು ಹೇಳುತ್ತಾಳೆ. ಅವಳ ಜೊತೆ ನೀನು ಮಾತು ಬಿಟ್ಟಿಲ್ಲವಲ್ಲ.

ಏನು ಬೇಕೋ ಕೇಳು. ಕೇಳದೆ ಕೊಟ್ಟರೆ ಉಪಕಾರವಾಗುತ್ತದೆ. ಉಪಕಾರ ಹೊತ್ತುಕೊಳ್ಳುವುದು ನಿನಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಪ್ರೇಮವ್ವ

*

ಕುಪ್ಪೇಲೂರು
19 ಆಗಸ್ಟ್ 2024

ಪ್ರೇಮವ್ವನವರಿಗೆ,

ರೋಹಿಣಿ ಮೇಡಂ ಎರಡು ಸಲ ಬಂದರು. ಎರಡನೆಯ ಸಲ ಚಹಾ ಕುಡಿದರು. ನನ್ನ ಮಗ ಶಹಬಾಜ ಬೇಡವೆಂದ. ಅವನು ಟೆಂಪೋ ಓಡಿಸುವವನು, ಬಾವಿಯ ವಿಷಯ ಅವನಿಗೆ ಗೊತ್ತಿಲ್ಲ ಎಂದೆ.

ಕಣ ಕೊಡುತ್ತೇನೆ, ಬರುವ ಯುಗಾದಿಯವರೆಗೆ. ಅಷ್ಟರಲ್ಲಿ ಬಾವಿಯ ನೀರಿನ ವಾಸನೆ ಹೋಗದಿದ್ದರೆ ಪ್ಲಾಸ್ಟಿಕ್ ಹಾಳೆ ನಿಮ್ಮ ಅಂಗಳಕ್ಕೆ, ಅರ್ಜಿ ಪಂಚಾಯಿತಿಗೆ. ಇದರಲ್ಲಿ ಚೌಕಾಸಿ ಇಲ್ಲ.

ಏನು ಬೇಕೆಂದು ಕೇಳಿದ್ದೀರಿ. ಗ್ಯಾಸು ಬೇಕು. ನೀರು ನಿಮ್ಮದು, ಸಗಣಿ ನಿಮ್ಮದು, ಟಾಕಿ ನಿಮ್ಮದು, ಒಪ್ಪಿದೆ. ಪಾಚಿ ಬೆಳೆಯುವ ಕಣ ನನ್ನದು, ಅದರ ಮೇಲೆ ಬೀಳುವ ಬಿಸಿಲು ನನ್ನದು. ಪಾಚಿಯಿಂದ ಎಷ್ಟು ಹೆಚ್ಚಿಗೆ ಬರುತ್ತದೋ ಅಷ್ಟು ಗೋಡೆ ದಾಟಿ ನನ್ನ ಒಲೆಗೆ ಬರಬೇಕು. ಪೈಪು ನೀವು ಹಾಕಿಸಬೇಕು.

ಮೊಣಕಾಲಿಗೆ ಎಣ್ಣೆ ಹಚ್ಚಿದೆ. ಉಪಯೋಗವಾಗಲಿಲ್ಲ.

ಮಾಸುಮಬಿ

*

ಕುಪ್ಪೇಲೂರು
27 ಅಕ್ಟೋಬರ್ 2024

ಮಾಸುಮಬಿಗೆ,

ಕಣದಲ್ಲಿ ಏನಾಗುತ್ತಿದೆ ಎಂದು ನಿನಗೆ ಕಾಣುತ್ತದೆ. ಆದರೂ ಜಾಗದ ಒಡತಿಗೆ ವರದಿ ಒಪ್ಪಿಸುವುದು ಧರ್ಮ.

ಮೊದಲನೆಯ ಸಲ ತುಂಬಿಸಿದ ನೀರು ಹಸಿರಾಗುವ ಹೊತ್ತಿಗೆ ಮಳೆ ಬಂದು ತೊಳೆದುಕೊಂಡು ಹೋಯಿತು. ಎರಡನೆಯ ಸಲ ನೀರು ಹೆಚ್ಚು ಕಪ್ಪಗಿತ್ತು, ಬಿಸಿಲು ತಳಕ್ಕೆ ಮುಟ್ಟಲಿಲ್ಲ. ಮೂರನೆಯ ಸಲ ರೋಹಿಣಿ ಬಾಟಲಿಯಲ್ಲಿ ಹೆಪ್ಪು ತಂದು ಹಾಕಿದಳು. ಅವಳು ಅದಕ್ಕೆ ಬೇರೆ ಹೆಸರು ಹೇಳಿದಳು, ನಾನು ಹೆಪ್ಪು ಎಂದೆ. ಹಾಲಿಗೆ ಹಾಕಿದರೆ ಮೊಸರು, ನೀರಿಗೆ ಹಾಕಿದರೆ ಪಾಚಿ. ಈಗ ಹೊಂಡ ಪಾಲಕ್ ಕಿವುಚಿದ ನೀರಿನ ಬಣ್ಣಕ್ಕೆ ಬಂದಿದೆ. ತಿರುವುವ ಚಕ್ರ ದಿನವಿಡೀ ತಿರುಗುತ್ತದೆ. ನಿನ್ನ ಕೋಳಿಗಳು ಅದರ ಮುಂದೆ ಸಾಲಾಗಿ ಕುಳಿತು ಸಿನಿಮಾ ನೋಡಿದಂತೆ ನೋಡುತ್ತವೆ.

ಸೋಸುವುದಕ್ಕೆ ಮೊದಲು ಸೊಳ್ಳೆ ಪರದೆ ಕಟ್ಟಿದೆವು, ಪಾಚಿಯೆಲ್ಲ ತೂರಿಕೊಂಡು ಹೋಯಿತು. ಕೊನೆಗೆ ನೀರನ್ನು ತಳ ಚೂಪಾದ ಟಾಕಿಯಲ್ಲಿ ತಂಗಲು ಬಿಟ್ಟು, ತಳದ ಗಟ್ಟಿಯನ್ನು ನಮ್ಮ ಮನೆಯವರ ಹಳೆಯ ಧೋತರದಲ್ಲಿ ಇಳಿಬಿಟ್ಟೆವು. ಹಸಿರು ಶ್ರೀಖಂಡ. ಮದುವೆಯ ಧೋತರ ಅದು. ಅವರು ನೋಡಿ, ‘ಹೂಂ’ ಎಂದರು. ಅವರ ಮಟ್ಟಿಗೆ ಅದು ಭಾಷಣ.

ರಾಣೆಬೆನ್ನೂರಿನಿಂದ ಪೇಪರಿನವನೊಬ್ಬ ಬಂದು, ಪಾಚಿಯಿಂದ ಊರೆಲ್ಲ ಬೆಳಗುತ್ತದೆ ಎಂದು ಬರೆದು ಹೋದ. ಊರು ಬೆಳಗುವುದಿಲ್ಲ. ಸಗಣಿಯೊಂದೇ ಹಾಕಿದಾಗ ಬರುತ್ತಿದ್ದ ಗ್ಯಾಸಿಗಿಂತ ಒಂದು ಒಲೆಯಷ್ಟು ಹೆಚ್ಚು ಬರುತ್ತದೆ, ಅಷ್ಟೇ. ಪಾಚಿ ಜಾಸ್ತಿ ಹಾಕಿದರೆ ಟಾಕಿಗೆ ಅಜೀರ್ಣವಾಗುತ್ತದೆ. ಒಂದು ಒಲೆಗಾಗಿ ಇಷ್ಟೆಲ್ಲವೇ ಎಂದು ನನಗೂ ಅನ್ನಿಸಿತು. ಆಮೇಲೆ ನಿನ್ನ ಬಾವಿಯನ್ನು ಆ ತಕ್ಕಡಿಯಲ್ಲಿಟ್ಟೆ. ತೂಕ ಸರಿಹೋಯಿತು.

ನಮ್ಮತ್ತೆ ಸೋಮವ್ವ ಪಾಚಿ ಬೆಳೆಸುವುದನ್ನು ಮಾತ್ರ ಒಪ್ಪಿಲ್ಲ. ಪಾಚಿ ಬಂದರೆ ಟಾಕಿ ತಿಕ್ಕಿ ತೊಳೆಯುವುದು ಬಿಟ್ಟು ಅದನ್ನು ಸಾಕುವುದುಂಟೇ ಎನ್ನುತ್ತಾರೆ. ಆದರೆ ಗೋಡೆಯ ಆಚೆ ಪೈಪು ಹೋಗುತ್ತದೆ ಎಂದಾಗ ಅವರಿಗೆ ಹಳೆಯದು ನೆನಪಾಯಿತು. ಬೆಂಕಿಪೊಟ್ಟಣ ದುಬಾರಿಯಾಗಿದ್ದ ಕಾಲದಲ್ಲಿ ನಿನ್ನ ಅತ್ತೆ ಬೆಳಿಗ್ಗೆ ನಮ್ಮ ಒಲೆಯ ಕೆಂಡಕ್ಕೆ ಬರುತ್ತಿದ್ದಳಂತೆ. ‘ಖಾಲಿ ಕೈಲೆ ಒಂದಿನಾನೂ ಬಂದಾಕಿ ಅಲ್ಲ. ಒಂದು ಕುಳ್ಳು ತಂದು ನಮ್ಮ ಒಲಿಯಾಗ ಇಟ್ಟು, ಕೆಂಡ ಒಯ್ತಿದ್ಲು’ ಎಂದರು. ಒಲೆಗೆ ಸಗಣಿಯ ಕುಳ್ಳು, ಅವಳಿಗೆ ಕೆಂಡ. ಎರಡೂ ಕಡೆ ಬಾಕಿಯಿಲ್ಲ. ಅಂಥವಳ ಸೊಸೆ ನೀನು. ಗ್ಯಾಸು ಕೇಳಿದ್ದರಲ್ಲಿ ತಪ್ಪಿಲ್ಲ.

ದೀಪಾವಳಿಗೆ ಕರ್ಚಿಕಾಯಿ ಕಳಿಸುತ್ತೇನೆ. ವ್ಯವಹಾರವಲ್ಲ, ಪದ್ಧತಿ.

ಪ್ರೇಮವ್ವ

*

ಕುಪ್ಪೇಲೂರು
5 ಜನವರಿ 2025

ಪ್ರೇಮವ್ವನವರಿಗೆ,

ಕರ್ಚಿಕಾಯಿ ತಿಂದು ಎರಡು ತಿಂಗಳಾಯಿತು, ಡಬ್ಬಿ ಇವತ್ತು ಕಳಿಸುತ್ತಿದ್ದೇನೆ. ಖಾಲಿ ಕಳಿಸಿಲ್ಲ.

ಬಾವಿಯ ಬಗ್ಗೆ. ಹಿಂಗಾರಿ ಮಳೆಗೆ ನೀರು ಏರಿತು. ಏರಿದ ನೀರಿನಲ್ಲಿ ವಾಸನೆ ಕಡಿಮೆ. ಪೂರ್ತಿ ಹೋಗಿಲ್ಲ. ಬೆಳಗಿನ ಮೊದಲನೆಯ ಕೊಡದಲ್ಲಿ ಇರುತ್ತದೆ, ಆಮೇಲೆ ಇರುವುದಿಲ್ಲ. ಇದರ ಶ್ರೇಯವನ್ನು ನಿಮ್ಮ ಪಾಚಿಗೆ ಕೊಡಬೇಕೋ ಮಳೆಗೆ ಕೊಡಬೇಕೋ ನಾನು ಇನ್ನೂ ತೀರ್ಮಾನಿಸಿಲ್ಲ.

ಬುಧವಾರ ಕೂಲಿಗೆ ಬಂದ ಹುಡುಗಿಯೊಬ್ಬಳು ಬಾವಿಯ ನೀರು ಸೇದಿ ಮುಖ ತೊಳೆದಳು. ಕುಡಿಯಲಿಲ್ಲ. ಮುಖ ತೊಳೆದಳು. ನಾನು ಬೀಜ ಆರಿಸುತ್ತ ಕುಳಿತಿದ್ದವಳು ಎದ್ದು ಒಳಗೆ ಹೋದೆ.

ಪೈಪು ಇನ್ನೂ ಬಂದಿಲ್ಲ. ಇನ್ನು ಎರಡು ತಿಂಗಳಿಗೆ ರಂಜಾನ್. ಆ ತಿಂಗಳು ಸಂಜೆಯ ಅಡುಗೆ ಹೆಚ್ಚು. ನೆನಪಿರಲಿ.

ಮಾಸುಮಬಿ

*

ಕುಪ್ಪೇಲೂರು
27 ಫೆಬ್ರುವರಿ 2025

ಮಾಸುಮಬಿಗೆ,

ಶಿವರಾತ್ರಿಯ ಉಪವಾಸ ಮುಗಿಸಿ ಇವತ್ತು ಬೆಳಿಗ್ಗೆ ನಿನ್ನ ಅಡುಗೆಮನೆಯ ಹೊಸ್ತಿಲಿನವರೆಗೆ ಬಂದವಳು ನಾನೇ ಎಂದು ನಂಬಲು ನನಗೆ ಈಗಲೂ ಆಗುತ್ತಿಲ್ಲ.

ಪಾಪ ರೋಹಿಣಿ. ನಾನು ಅವಳಿಗೆ, ‘ನಳ ಪೂರಾ ತಿರುವಬ್ಯಾಡ ಅಂತ ಹೇಳ್ರಿ’ ಎಂದೆ. ನೀನು ಅವಳಿಗೆ, ‘ನನಗ ಕಿವಿ ಅದಾವ ಅಂತ ಹೇಳ್ರಿ’ ಎಂದೆ. ನಡುವೆ ನಿಂತ ಆ ಹುಡುಗಿ ಹಾವೇರಿಗೆ ಹೋಗಿ ಏನು ವರದಿ ಬರೆಯುತ್ತಾಳೋ.

ನೀನು ಕಡ್ಡಿ ಗೀರಿದೆ. ಮೊದಲು ಬುಸ್ ಎಂದಿತು, ಆಮೇಲೆ ಹತ್ತಿತು. ನೀಲಿ. ಎಲ್ಲರೂ ಉರಿಯನ್ನು ನೋಡಿದರು, ನಾನು ನಿನ್ನನ್ನು ನೋಡಿದೆ. ಲೆಕ್ಕ ಮಾಡುವವಳಿಗೆ ಅದೊಂದು ಕೆಟ್ಟ ಚಟ. ಎದುರಿನವರ ಮುಖದಲ್ಲಿ ಎಷ್ಟು ಜಮಾ ಆಯಿತು ಎಂದು ನೋಡುವುದು. ನೀನು ಸೆರಗಿನಿಂದ ಮೂಗು ಒರೆಸಿಕೊಂಡೆ, ಅಷ್ಟೇ ಕಂಡಿತು.

ಆಚೆ ಹೋಗುವ ಪೈಪಿಗೆ ಟಾಕಿಯ ಹತ್ತಿರ ಒಂದು ಹಿಡಿಕೆ ಇದೆ. ಅದನ್ನು ಯಾವಾಗಲೂ ತೆರೆದೇ ಇಡುತ್ತೇನೆ. ನಿನ್ನ ಒಲೆ ಹಚ್ಚುವುದು ಆರಿಸುವುದು ನಿನ್ನ ಕೈಯಲ್ಲಿ. ರಂಜಾನ್ ತಿಂಗಳು ತಂಪಾಗಿ ಹೋಗಲಿ.

ಪ್ರೇಮವ್ವ

*

ಕುಪ್ಪೇಲೂರು
8 ಮಾರ್ಚ್ 2025

ಪ್ರೇಮವ್ವನವರಿಗೆ,

ಮಂಗಳವಾರ ಸಂಜೆ ರೋಜಾದ ಉಪವಾಸ ಬಿಡುವ ಹೊತ್ತಿಗೆ ಭಜಿ ಕರಿಯಲು ಎಣ್ಣೆ ಇಟ್ಟಿದ್ದೆ. ಒಲೆ ಸಣ್ಣಗಾಗಿ ಆರಿತು. ಗ್ಯಾಸು ಮುಗಿದಿರಬೇಕೆಂದು ಸುಮ್ಮನಾದೆ. ನಿನ್ನೆ ಶುಕ್ರವಾರ. ಬ್ಯಾಡಗಿಯಿಂದ ನನ್ನ ತಮ್ಮ ತೌಸಿಫ್ ಹೆಂಡತಿಯ ಜೊತೆ ಬಂದಿದ್ದ. ಅದೇ ಹೊತ್ತಿಗೆ ಮತ್ತೆ ಆರಿತು. ಗೋಡೆಯಾಚೆ ನಿಮ್ಮ ಒಲೆಯ ಮೇಲೆ ಒಗ್ಗರಣೆ ಸಿಡಿಯುವುದು ನನಗೆ ಕೇಳಿಸಿತು.

ನೆಂಟರ ಮುಂದೆ ನಾನು ಕಟ್ಟಿಗೆ ಒಲೆ ಊದುತ್ತ ಕುಳಿತೆ. ತಮ್ಮ ನಕ್ಕ: ‘ಅಕ್ಕಾ, ಪಾಚಿಗೂ ರೋಜಾ ಐತೇನು?’ ಎಂದ.

ಕೊಡದೆ ಇದ್ದರೆ ನಾನು ಕೇಳುತ್ತಿರಲಿಲ್ಲ. ಕೊಟ್ಟು, ಬೇಕಾದ ಹೊತ್ತಿಗೆ ಕಸಿದುಕೊಳ್ಳುವುದು ಯಾವ ಲೆಕ್ಕ?

ಮಾಸುಮಬಿ

*

ಕುಪ್ಪೇಲೂರು
9 ಮಾರ್ಚ್ 2025

ಮಾಸುಮಬಿಗೆ,

ನಾನು ಮುಚ್ಚಿಲ್ಲ. ಎಮ್ಮೆಗಳ ಆಣೆ.

ರೋಹಿಣಿಗೆ ಫೋನ್ ಮಾಡಿ ಕರೆಸಿದೆ. ಪೈಪಿನಲ್ಲಿ ನೀರು ಕಟ್ಟಿಕೊಂಡಿದೆಯೇ ಎಂದು ನೋಡಿದಳು, ಇಲ್ಲ. ಸೋರಿಕೆ ಇದೆಯೇ ಎಂದು ಸೋಪಿನ ನೊರೆ ಹಚ್ಚಿ ನೋಡಿದಳು, ಇಲ್ಲ. ಟಾಕಿ ತುಂಬಿ ನಿಂತಿದೆ. ನಾಳೆಯಿಂದ ಸರಿಯಾಗುತ್ತದೆ ಎಂದು ಬರೆಯಲು ಕೈ ಹೋಗುತ್ತಿದೆ. ಏನು ಕೆಟ್ಟಿದೆ ಎಂದೇ ಗೊತ್ತಿಲ್ಲದೆ ಹಾಗೆ ಬರೆದರೆ ಅದು ಸುಳ್ಳು ರಸೀದಿ.

ಇಷ್ಟು ದಿನ ಕೊಡು ಎಂದವಳು ನಾನು. ಇನ್ನು ಕೆಲವು ದಿನ ಕೊಡು.

ಪ್ರೇಮವ್ವ

*

12 ಮಾರ್ಚ್ 2025

ಪ್ರೇಮವ್ವನವರಿಗೆ,

ನಿನ್ನೆ ಮಂಗಳವಾರ. ಮತ್ತೆ ಆರಿತು.

ಯುಗಾದಿಯವರೆಗೆ ಎಂದು ಮಾತು ಕೊಟ್ಟಿದ್ದೇನೆ, ಮುರಿಯುವುದಿಲ್ಲ. ಯುಗಾದಿಯ ಮರುದಿನ ನಮ್ಮ ಈದ್. ಅದು ಮುಗಿದ ಮೇಲೆ ಶಹಬಾಜ ಟೆಂಪೋ ತಂದು ಕಣದ ಸಾಮಾನು ನಿಮ್ಮ ಅಂಗಳಕ್ಕೆ ಇಳಿಸುತ್ತಾನೆ. ಅರ್ಜಿಯನ್ನು ಟ್ರಂಕಿನಿಂದ ಹೊರಗೆ ತೆಗೆದಿದ್ದೇನೆ. ಬಾವಿ ಸುಧಾರಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಉಪವಾಸದ ಒಲೆ ಆರಿಸುವವರ ನೀರನ್ನು ನನ್ನ ಕಣದಲ್ಲಿ ಇಟ್ಟುಕೊಂಡು ನನಗೆ ನಿದ್ದೆ ಬರುವುದಿಲ್ಲ.

ಮಾಸುಮಬಿ

*

ಕುಪ್ಪೇಲೂರು
15 ಮಾರ್ಚ್ 2025

ಮಾಸುಮಬಿಗೆ,

ಮಂಗಳವಾರ, ಶುಕ್ರವಾರ, ಮಂಗಳವಾರ. ನಿನ್ನ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ವಾರಗಳು ಕಣ್ಣಿಗೆ ಹೊಡೆದವು. ನಿನ್ನೆ ಶುಕ್ರವಾರ ಸಂಜೆ ಹಾಲು ಕರೆಯುವುದನ್ನು ಮನೆಯವರಿಗೆ ಬಿಟ್ಟು ಟಾಕಿಯ ಹಿಂದೆ ಮೇವಿನ ರಾಶಿಗೆ ಒರಗಿ ಕುಳಿತೆ.

ನಮ್ಮತ್ತೆ ಬಂದರು. ದೇವರ ಮನೆಯಲ್ಲಿ ದೀಪ ಹಚ್ಚಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆ ಹಿಡಿದು ನಡೆಯುತ್ತ ಬಂದರು. ಸೆರಗಿನ ತುದಿಯಿಂದ ಹಿಡಿಕೆ ಹಿಡಿದು, ನಿನ್ನ ಕಡೆ ಹೋಗುವ ಪೈಪನ್ನು ಮುಚ್ಚಿದರು. ಕದ್ದು ಮಾಡಿದಂತೆ ಇರಲಿಲ್ಲ. ತುಳಸಿಗೆ ನೀರು ಹಾಕಿದಷ್ಟು ಸಹಜವಾಗಿ ಮಾಡಿದರು.

‘ಅತ್ತೀ, ಏನ್ ಮಾಡಾಕತ್ತೀರಿ?’ ಎಂದೆ.

‘ದೀಪ ಹಚ್ಚೇನಿ. ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮ್ಯಾಲ ಮನಿ ಬೆಂಕಿ ಹೊರಗ ಹೋಗಬಾರದು.’

‘ಅದು ಬೆಂಕಿ ಅಲ್ಲರೀ. ಗ್ಯಾಸು.’

‘ಆ ಕಡಿ ಹೋಗಿ ಏನಾಗತೈತಿ?’

‘ಬೆಂಕಿ.’

‘ಮತ್ತ?’ ಎಂದರು.

ನಿನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಸಿಟ್ಟು ನಿನಗ ಐತಿ. ನನಗೇನೈತಿ? ವಾರದಾಗ ಐದು ದಿನ ಹೊಕ್ಕೈತಲ್ಲ. ನಸುಕಿನ್ಯಾಗ ಎದ್ದು ನಾನ ತೆರೀತೇನಿ’ ಎಂದರು. ನಿನಗೆ ನಸುಕಿನ ಸೆಹ್ರಿ ಊಟದ ಹೊತ್ತಿಗೆ ಒಲೆ ಸರಿಯಾಗಿ ಉರಿದದ್ದು ಅದಕ್ಕೇ.

ಹಿಡಿಕೆಗೆ ಬೀಗ ಹಾಕಿಬಿಡಬಹುದು. ಆದರೆ ಆ ಜೀವ ದೀಪದ ಮುಂದೆ ಕುಳಿತು, ಲಕ್ಷ್ಮಿ ಪೈಪಿನೊಳಗಿಂದ ಹೊರಟು ಹೋಗುತ್ತಿದ್ದಾಳೆ ಎಂದು ನಡುಗುತ್ತದೆ. ನಾನೇನು ದೊಡ್ಡ ತಿಳಿವಳಿಕೆಯವಳು? ಆ ಎರಡು ಸಂಜೆ ಮೊಸರು ಕೇಳಿ ಬಂದವರನ್ನು ನಾನೇ ಬಾಗಿಲಿನಿಂದ ಕಳಿಸಿದ್ದೇನೆ. ಮೊಸರಿಗೆ ನಡೆಯುವ ಶಾಸ್ತ್ರ ಗ್ಯಾಸಿಗೆ ನಡೆಯುವುದಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ಆ ಎರಡು ಸಂಜೆಗೆ ನಮ್ಮ ಸಿಲಿಂಡರ್ ಕಳಿಸಬಹುದು ಎಂದುಕೊಂಡೆ. ದೀಪ ಹಚ್ಚುವ ಮೊದಲೇ ಕಳಿಸಬೇಕು, ಅಷ್ಟೇ. ಬೇಕಾದರೆ ಹೇಳು. ಅದು ಉಪಕಾರವಾಗುತ್ತದೆ ಎಂದೂ ಗೊತ್ತು.

ನನ್ನ ಕೊಟ್ಟಿಗೆ ಉಳಿಯುವುದು ಈಗ ಒಬ್ಬ ಮುದುಕಿಯ ಸಂಜೆಯ ದೀಪ, ಇನ್ನೊಬ್ಬಳ ಸಂಜೆಯ ಉಪವಾಸ, ಇವೆರಡರ ನಡುವೆ ಬಂದು ನಿಂತಿದೆ. ಇಬ್ಬರದೂ ಸರಿ. ಇಬ್ಬರದೂ ಸರಿಯಿದ್ದಾಗ ಏನು ಮಾಡಬೇಕೆಂಬ ಲೆಕ್ಕ ನನಗೆ ಬರುವುದಿಲ್ಲ. ಯಾರು ಮುಚ್ಚಿದರು, ಯಾಕೆ ಮುಚ್ಚಿದರು ಎಂಬುದು ನಿನಗೆ ಗೊತ್ತಿರಲಿ ಎಂದು ಬರೆದೆ. ಇದನ್ನು ಓದಿದ ಮೇಲೂ ಟೆಂಪೋ ಬರುವುದಾದರೆ, ಬರಲಿ. ಹಾಳೆ ಸುತ್ತಲು ನಾನೇ ಬಂದು ಒಂದು ತುದಿ ಹಿಡಿಯುತ್ತೇನೆ.

ಪ್ರೇಮವ್ವ

*

ಕುಪ್ಪೇಲೂರು
22 ಮಾರ್ಚ್ 2025

ಮಾಸುಮಬಿಗೆ,

ನೀನು ಉತ್ತರ ಬರೆಯಲಿಲ್ಲ. ಮಂಗಳವಾರ ನಮ್ಮತ್ತೆ ಎಂದಿನಂತೆ ಮುಚ್ಚಿದರು. ಗೋಡೆಯಾಚೆ ಕಟ್ಟಿಗೆಯ ಹೊಗೆ ಎದ್ದಿತು. ನಾನು ಅವತ್ತು ನಮ್ಮ ಒಲೆಯನ್ನೂ ಹಚ್ಚಲಿಲ್ಲ. ನಮ್ಮ ಮನೆಯವರು ರೊಟ್ಟಿಯ ಜೊತೆ ಶೇಂಗಾ ಚಟ್ನಿ ತಿಂದು ಎದ್ದರು.

ನಿನ್ನೆಯದನ್ನು ನಾನು ಬರೆಯಲೇಬೇಕು. ನೀನು ಮಾಡಿದವಳು, ನಿನಗೆ ನಿನ್ನ ಮುಖ ಕಂಡಿರುವುದಿಲ್ಲ.

ಶುಕ್ರವಾರ, ಹೊತ್ತು ಮುಳುಗುವ ಮೊದಲು. ನಾನು ಎಮ್ಮೆಯ ಕೆಳಗೆ ಹಾಲು ಕರೆಯುತ್ತ ಕುಳಿತಿದ್ದೆ. ಹಿತ್ತಲ ಬಾಗಿಲು ಸಪ್ಪಳವಾಯಿತು. ನೀನು ಬಕೆಟ್ಟು ಹಿಡಿದು ಬಂದೆ. ದಿನವಿಡೀ ನೀರು ಕೂಡ ಕುಡಿಯದವಳು, ಮೊಣಕಾಲು ನೋವಿನವಳು, ಆ ಭಾರ ಹೊತ್ತು ಏರಿ ಬಂದೆ. ಬಕೆಟ್ಟಿನಲ್ಲಿ ನಿನ್ನ ಕಣದ ಹಸಿರು. ನನ್ನ ಪಕ್ಕದಲ್ಲಿಯೇ ಹಾದುಹೋದೆ, ನನ್ನ ಕಡೆ ನೋಡಲಿಲ್ಲ. ನೇರ ಟಾಕಿಯ ಬಾಯಿಯ ಹತ್ತಿರ ಹೋಗಿ ನಮ್ಮತ್ತೆಯನ್ನು ಕರೆದೆ.

‘ಆಯಿ, ನಮ್ಮತ್ತಿ ನಿಮ್ಮ ಒಲಿಗೆ ಏನ್ ತರ್ತಿದ್ಲು?’

‘ಕುಳ್ಳು ತರ್ತಿದ್ಲು.’

‘ನಾನೂ ತಂದೇನಿ. ಇದು ಹಸಿ ಕುಳ್ಳು’ ಎಂದು ನೀನು ಬಕೆಟ್ಟನ್ನು ಟಾಕಿಯ ಬಾಯಿಗೆ ಬಗ್ಗಿಸಿದೆ.

ನಮ್ಮತ್ತೆ ಬೆರಳು ಅದ್ದಿ ಮೂಸಿ ನೋಡಿದರು. ‘ಹಸಿ ಕುಳ್ಳಿಗೆ ಹೊಗಿ ಬಾಳ’ ಎಂದರು.

‘ಇದಕ್ಕ ಹೊಗಿ ಇಲ್ಲ, ಆಯಿ.’

ಅವರು ಹಿಡಿಕೆ ಮುಚ್ಚಲು ಕೈ ಇಟ್ಟರು. ಇಟ್ಟ ಕೈ ಹಾಗೆಯೇ ಇತ್ತು. ನಾನು ಹಾಲು ಕರೆಯುವುದನ್ನು ನಿಲ್ಲಿಸಿದ್ದೆ, ಎಮ್ಮೆ ತಿರುಗಿ ನನ್ನನ್ನೇ ನೋಡುತ್ತಿತ್ತು. ಆಮೇಲೆ ಅವರು ಕೈ ತೆಗೆದರು.

‘ತಂದಿಟ್ಟು ಒಯ್ದರ ಮನಿ ಬೆಂಕಿ ಹೊರಗ ಕೊಟ್ಟಂಗಲ್ಲ. ಒಯ್ಯಿ’ ಎಂದರು.

ಒಳಗೆ ಹೋಗಿ ದೀಪ ಹಚ್ಚಿದರು. ಹಿಡಿಕೆ ತೆರೆದೇ ಇತ್ತು. ಗೋಡೆಯಾಚೆ ಎಣ್ಣೆಯಲ್ಲಿ ಭಜಿ ಬಿದ್ದ ಸಪ್ಪಳ ಕೇಳಿ ನಾನು ಎಮ್ಮೆಯ ಹೊಟ್ಟೆಗೆ ತಲೆ ಆನಿಸಿ ಕುಳಿತೆ.

ರೋಹಿಣಿಗೆ ಹೇಳಿದೆ. ಇವತ್ತು ಹಾಕಿದ ಪಾಚಿ ಇವತ್ತೇ ಗ್ಯಾಸಾಗುವುದಿಲ್ಲ, ದಿನಗಳು ಹಿಡಿಯುತ್ತವೆ ಎಂದು ನಕ್ಕಳು. ನಾನು ಅಂದೆ: ನಮ್ಮವ್ವಾ, ಅವಳ ಅತ್ತೆಯಾದರೂ ತಾನು ತಂದ ಕುಳ್ಳಿನ ಕೆಂಡವನ್ನೇ ಒಯ್ಯುತ್ತಿದ್ದಳೇನು? ಮೊದಲೇ ಇದ್ದದ್ದನ್ನು ಒಯ್ಯುತ್ತಿದ್ದಳು, ತನ್ನದನ್ನು ಮುಂದಿನವರಿಗೆ ಬಿಟ್ಟು ಹೋಗುತ್ತಿದ್ದಳು. ಇಂಥ ಲೆಕ್ಕ ನಾನು ಎಲ್ಲ ಬಲ್ಲೆ ಎಂದುಕೊಂಡಿದ್ದೆ. ಕಣ್ಣ ಮುಂದೆ ನಾನೇ ಬರೆದು ಕಳಿಸಿದ್ದು ನನಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು. ಹಲಗೆಯ ಮೇಲೆ ಪಕ್ಕದಲ್ಲಿ ಕುಳಿತಾಗಲೂ ಹೀಗೇ ಆಗುತ್ತಿತ್ತು.

ಒಂದೇ ತಕರಾರು. ನಮ್ಮತ್ತೆಯ ಜೊತೆ ಅಷ್ಟು ಮಾತಾಡಿದೆ, ಎಮ್ಮೆಯ ಬೆನ್ನು ಕೂಡ ಸವರಿದೆ. ನಡುವೆ ನಾನೊಬ್ಬಳು ಕುಳಿತಿದ್ದೆ.

ಪ್ರೇಮವ್ವ

*

ಕುಪ್ಪೇಲೂರು
1 ಏಪ್ರಿಲ್ 2025

ಪ್ರೇಮಾ,

ಯುಗಾದಿ ಮುಗಿಯಿತು. ನೀನು ಕಳಿಸಿದ ಬೇವು ಬೆಲ್ಲ ತಿಂದೆ. ಬೆಲ್ಲ ಕಡಿಮೆ ಹಾಕಿದ್ದೆ, ಯಾವಾಗಲೂ ಹಾಗೇ. ನಿನ್ನೆ ಈದಿಗೆ ನಾನು ಕಳಿಸಿದ ಶಾವಿಗೆಯ ಸುರಕುಂಬಾ ರುದ್ರಮುನಿಯಣ್ಣ ಎರಡು ಲೋಟ ಕುಡಿದರಂತೆ, ಶಹಬಾಜ ಹೇಳಿದ. ಕುಡಿದು ‘ಚಲೋ ಆಗೇತಿ’ ಎಂದರಂತೆ. ನಿನಗೆ ಹೊಟ್ಟೆಯುರಿಯಲಿ ಎಂದು ಬರೆದೆ.

ಟೆಂಪೋ ಬರುವುದಿಲ್ಲ. ಶಹಬಾಜನನ್ನು ಬಾಡಿಗೆಗೆ ಹಾವೇರಿಗೆ ಕಳಿಸಿದ್ದೇನೆ.

ಇವತ್ತು ಮಂಗಳವಾರ. ಮನೆ ತುಂಬ ನೆಂಟರು, ಮೊಣಕಾಲು ಎದ್ದೇಳಲು ಕೊಡುತ್ತಿಲ್ಲ. ಕಣದ ಹಸಿರನ್ನು ನಾನು ತರಲಾರೆ. ಹೊತ್ತು ಮುಳುಗುವ ಮೊದಲು ನೀನೇ ಬಂದು ನನ್ನ ಹೆಸರಿನಲ್ಲಿ ಒಂದು ಬಕೆಟ್ಟು ಒಯ್ದು ಹಾಕು. ಆಯಿಗೆ ನಾನು ಹೇಳಿ ಕಳಿಸಿದೆನೆಂದು ಹೇಳು, ಒಪ್ಪುತ್ತಾರೆ.

ಬಾವಿಯ ನೀರನ್ನು ರೋಹಿಣಿ ಮೇಡಂ ಹಾವೇರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಬೆಳೆಗೆ ಒಳ್ಳೆಯದಿದೆ, ಕುಡಿಯುವುದಾದರೆ ಇನ್ನೂ ಕೆಲವು ಕಾಲ ಕುದಿಸಿ ಕುಡಿಯಿರಿ ಎಂದರು. ಬೆಳಗಿನ ಮೊದಲನೆಯ ಕೊಡದಲ್ಲಿಯೂ ಈಗ ವಾಸನೆ ಇಲ್ಲ. ನಾನು ದಿನವೂ ಮೂಗು ಇಟ್ಟು ನೋಡುತ್ತೇನೆ.

ಹಾಳೆ ತಿರುಗಿಸಿ ಹಿಂಬದಿ ಓದಬೇಡ. ಅದು ಅರ್ಜಿ. ಮನೆಯಲ್ಲಿ ಬೇರೆ ಹಾಳೆ ಇರಲಿಲ್ಲ, ಒಂದು ಮಗ್ಗುಲು ಖಾಲಿಯಿತ್ತು. ಓದಿದರೂ ಅಕ್ಷರ ಎಷ್ಟು ದುಂಡಗಿದೆ ಎಂದು ಮಾತ್ರ ನೋಡು.

ಬಾವಿಯ ನೀರನ್ನು ನಮ್ಮ ಪಾಚಿಯ ಒಲೆಯ ಮೇಲೆ ಕುದಿಸಿ, ಆರಿಸಿ, ತಂಬಿಗೆಯಲ್ಲಿ ಮುಚ್ಚಿಟ್ಟಿದ್ದೇನೆ. ಯಾರಿಗೂ ಮುಟ್ಟಲು ಕೊಟ್ಟಿಲ್ಲ. ಮೊದಲು ನೀನು ಕುಡಿ, ಆಮೇಲೆ ಬಾಟಲಿ ತರುವ ಆ ಕೂಲಿಯ ಹೆಣ್ಣುಮಕ್ಕಳಿಗೆ ಕೊಡುತ್ತೇನೆ.

ಉಳಿದದ್ದನ್ನು ಬರೆಯುವುದಿಲ್ಲ. ಬಾ.

ಮಾಸುಮಾ